ಸಸ್ಕ್ಯಾಚೆವಾನ್ ಪ್ರಾಂತ್ಯದ ಗಣ್ಯರ ಪಟ್ಟಿ ಕನ್ನಡದಲ್ಲಿ ಮಾಡುವುದು ಹೇಗೆ: ಬಳ್ಳಾರಿ ಸೀಮೆಯವರಿಗೊಂದು ಕೈಪಿಡಿ

ಬಳ್ಳಾರಿ ರಾಘವರು ಹುಟ್ಟಿದ್ದು ತಾಡಪತ್ರಿಯಲ್ಲಿ, 1880ರಲ್ಲಿ. ಆದರೂ ಬಳ್ಳಾರಿಯ ಗಣ್ಯರ ಪಟ್ಟಿಯಲ್ಲಿ ಅವರ ಹೆಸರಿಲ್ಲದಿದ್ದರೆ ಊರು ಒಪ್ಪುವುದಿಲ್ಲ. ಊರಿನ ಹೆಸರೇ ಅವರ ಹೆಸರಿನ ಮೊದಲ ಪದವಾಗಿ ನಿಂತಿದೆ. ಆದೋನಿಯಲ್ಲಿ 1930ರಲ್ಲಿ ಹುಟ್ಟಿದವರು ಆ ದಿನ ಬಳ್ಳಾರಿ ಜಿಲ್ಲೆಯವರು, ಮದ್ರಾಸ್ ಪ್ರಾಂತ್ಯದವರು; 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದ ಮೇಲೆ ಅವರ ಊರಿನ ವಿಳಾಸ ಬದಲಾಯಿತು. ಇಂಥ ಗಡಿಯ ಲೆಕ್ಕ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಕೆನಡಾದ ಪ್ರಾಂತ್ಯವೊಂದರ ಗಣ್ಯರ ಪಟ್ಟಿ ಮಾಡಲು ಮುಖ್ಯವಾಗಿ ಬೇಕಾಗುವುದೂ ಇದೇ ಲೆಕ್ಕ.

ಈ ಕೈಪಿಡಿ ಕಾಲೇಜಿನ ಭಿತ್ತಿಪತ್ರಿಕೆಗೆ, ಗ್ರಂಥಾಲಯದ ಪ್ರದರ್ಶನಕ್ಕೆ, ಕನ್ನಡ ವಿಶ್ವಕೋಶದ ಪುಟಕ್ಕೆ ಅಥವಾ ರಸಪ್ರಶ್ನೆಗೆ ಪಟ್ಟಿ ಸಿದ್ಧಪಡಿಸುವವರಿಗಾಗಿ. ಮಾದರಿಗೆ ಸಸ್ಕ್ಯಾಚೆವಾನ್ ತೆಗೆದುಕೊಂಡಿದ್ದೇವೆ. ಅದು ಗೋಧಿ ಬೆಳೆಯುವ ಬಯಲು ಸೀಮೆ. ಅಲ್ಲಿ ಹುಟ್ಟಿ ಹೊರಗೆ ಹೋಗಿ ಹೆಸರಾದವರೂ ಇದ್ದಾರೆ, ಹೊರಗಿನಿಂದ ಬಂದು ಹೆಸರಾದವರೂ ಇದ್ದಾರೆ. ಹಾಗಾಗಿ ಪಟ್ಟಿ ಮಾಡುವವರು ಎಡವುವ ಜಾಗಗಳೆಲ್ಲ ಇದೊಂದರಲ್ಲೇ ಸಿಗುತ್ತವೆ.

ಮೊದಲು ಗಡಿಯ ಇತಿಹಾಸ

ಹೆಸರು ಹುಡುಕುವ ಮುಂಚೆ ಒಂದು ಹಾಳೆಯಲ್ಲಿ ಈ ಇಸವಿಗಳನ್ನು ಬರೆದು ಮೇಜಿನ ಮುಂದೆ ಅಂಟಿಸಿಕೊಳ್ಳಿ. 1870ರವರೆಗೆ ಆ ನೆಲದ ಬಹುಪಾಲು ಹಡ್ಸನ್ ಬೇ ಕಂಪನಿಯ ರೂಪರ್ಟ್ಸ್ ಲ್ಯಾಂಡ್. 1870ರಿಂದ ಕೆನಡಾದ ವಾಯವ್ಯ ಪ್ರದೇಶ. 1882ರಲ್ಲಿ ವಾಯವ್ಯ ಪ್ರದೇಶದೊಳಗೆ ಅಸಿನಿಬೋಯ, ಸಸ್ಕ್ಯಾಚೆವಾನ್, ಆಲ್ಬರ್ಟಾ, ಅತಬಾಸ್ಕ ಎಂಬ ನಾಲ್ಕು ಜಿಲ್ಲೆಗಳಾದವು. 1905ರ ಸೆಪ್ಟೆಂಬರ್ 1ರಂದು ಸಸ್ಕ್ಯಾಚೆವಾನ್ ಪ್ರಾಂತ್ಯವಾಯಿತು. ಆಲ್ಬರ್ಟಾ ಪ್ರಾಂತ್ಯವಾದದ್ದೂ ಅದೇ ದಿನ.

ಇಲ್ಲಿ ತಪ್ಪಾಗುವುದು 1882 ಮತ್ತು 1905ರ ನಡುವಿನ ದಾಖಲೆಗಳಲ್ಲಿ. ಆಗಿನ ಕಾಗದದಲ್ಲಿ 'ಸಸ್ಕ್ಯಾಚೆವಾನ್' ಎಂದಿದ್ದರೆ ಅದು ಜಿಲ್ಲೆ, ಇಂದಿನ ಪ್ರಾಂತ್ಯವಲ್ಲ. ಇಂದಿನ ರಾಜಧಾನಿ ರಿಜೈನಾ ಆಗ ಆ ಜಿಲ್ಲೆಯಲ್ಲಿರಲಿಲ್ಲ, ಅಸಿನಿಬೋಯ ಜಿಲ್ಲೆಯಲ್ಲಿತ್ತು. ಪ್ರಿನ್ಸ್ ಆಲ್ಬರ್ಟ್, ಬಟೋಶ್ ಮಾತ್ರ ಸಸ್ಕ್ಯಾಚೆವಾನ್ ಜಿಲ್ಲೆಯಲ್ಲಿದ್ದವು. 'ರಿಜೈನಾ, ಅಸಿನಿಬೋಯ' ಎಂಬ ವಿಳಾಸ ಕಂಡು ಬೇರೆ ಯಾವುದೋ ಊರೆಂದು ಹೆಸರು ಕೈಬಿಟ್ಟರೆ ತಪ್ಪು ನಿಮ್ಮದಾಗುತ್ತದೆ.

ಪರಿಹಾರ ಸರಳ. ಹುಟ್ಟಿದ ಊರಿಗೆ ಎರಡು ಅಂಕಣ ಇಡಿ: ಒಂದು 'ಅಂದಿನ ಆಡಳಿತ', ಇನ್ನೊಂದು 'ಇಂದಿನ ಆಡಳಿತ'. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬೀಚಿಯವರ ಸಾಲನ್ನು ಒಮ್ಮೆ ತುಂಬಿ ನೋಡಿ, ಈ ಅಂಕಣಗಳ ಬೆಲೆ ತಿಳಿಯುತ್ತದೆ. ಆ ತಾಲ್ಲೂಕು ಬಳ್ಳಾರಿಯಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಕೊಪ್ಪಳದವರಿಗೂ ಇದೇ ಪಾಡು: 1997ರ ಮುಂಚೆ ಹುಟ್ಟಿದವರ ಕಾಗದದಲ್ಲೆಲ್ಲ ರಾಯಚೂರು ಜಿಲ್ಲೆ ಎಂದೇ ಇರುತ್ತದೆ.

ಗಡಿಯ ಮೇಲೇ ಕೂತ ಊರೂ ಒಂದಿದೆ, ಲಾಯ್ಡ್‌ಮಿನ್‌ಸ್ಟರ್. ಅರ್ಧ ಆಲ್ಬರ್ಟಾದಲ್ಲಿ, ಅರ್ಧ ಸಸ್ಕ್ಯಾಚೆವಾನಿನಲ್ಲಿ. ಅಲ್ಲಿ ಹುಟ್ಟಿದವರಿಗೆ ಊರಿನ ಯಾವ ಭಾಗ ಎಂಬುದು ದಾಖಲೆಯಲ್ಲಿ ಸ್ಪಷ್ಟವಿಲ್ಲದಿದ್ದರೆ ಎರಡೂ ಪ್ರಾಂತ್ಯ ಬರೆಯಿರಿ. ಊಹಿಸಿ ಒಂದಕ್ಕೆ ಹಾಕಬೇಡಿ.

ಸಂಬಂಧದ ಅಂಕಣ

ಪಟ್ಟಿಯ ಜೀವ ಇರುವುದು ಈ ಅಂಕಣದಲ್ಲಿ. 'ಸಸ್ಕ್ಯಾಚೆವಾನಿನವರು' ಎಂದಷ್ಟೇ ಬರೆದ ಪಟ್ಟಿಯನ್ನು ಯಾರೂ ಪರಿಶೀಲಿಸಲಾರರು. ಯಾಕೆ ಸೇರಿಸಿದಿರಿ ಎಂಬುದಕ್ಕೆ ಅದರಲ್ಲಿ ಉತ್ತರವಿರುವುದಿಲ್ಲ. ಐದು ಗುರುತು ಸಾಕು: ಹು (ಹುಟ್ಟು), ಬೆ (ಬೆಳೆದದ್ದು), ದು (ದುಡಿದದ್ದು), ಸಾ (ಸಾವು), ಮ (ಮಣ್ಣಾದದ್ದು, ಅಂದರೆ ಸಮಾಧಿ). ಬೆ ಮತ್ತು ದು ಹಾಕಿದ ಕಡೆ ವರ್ಷ ಕಡ್ಡಾಯ. ಒಬ್ಬರಿಗೆ ಎರಡು ಮೂರು ಗುರುತು ಬರಬಹುದು.

ಜಾನ್ ಡೀಫನ್‌ಬೇಕರ್ ಅವರನ್ನು ತೆಗೆದುಕೊಳ್ಳಿ. 1957ರಿಂದ 1963ರವರೆಗೆ ಕೆನಡಾದ ಪ್ರಧಾನಿ. ಸಸ್ಕ್ಯಾಚೆವಾನಿನವರು ಅವರನ್ನು ತಮ್ಮವರೆಂದೇ ಎಣಿಸುತ್ತಾರೆ. ಹುಟ್ಟಿದ್ದು ಮಾತ್ರ ಒಂಟಾರಿಯೊ ಪ್ರಾಂತ್ಯದ ನ್ಯೂಸ್ಟಾಟಿನಲ್ಲಿ, 1895ರ ಸೆಪ್ಟೆಂಬರ್ 18ರಂದು. ಮನೆಯವರು ಪಶ್ಚಿಮಕ್ಕೆ ಬಂದದ್ದು 1903ರಲ್ಲಿ. ಅಂದರೆ ಅವರು ಬಂದಿಳಿದಾಗ ಪ್ರಾಂತ್ಯವೇ ಇರಲಿಲ್ಲ. ವಕಾ ಮತ್ತು ಪ್ರಿನ್ಸ್ ಆಲ್ಬರ್ಟಿನಲ್ಲಿ ವಕೀಲಿ ಮಾಡಿದರು. 1979ರ ಆಗಸ್ಟ್ 16ರಂದು ಒಟ್ಟಾವದಲ್ಲಿ ತೀರಿಕೊಂಡರು. ಸಮಾಧಿ ಸಸ್ಕ್ಯಾಚೆವಾನಿನ ಸಸ್ಕಟೂನ್ ನಗರದ ವಿಶ್ವವಿದ್ಯಾಲಯದ ಆವರಣದಲ್ಲಿದೆ. ಅವರ ಗುರುತು ಬೆ, ದು, ಮ. ಹು ಇಲ್ಲ, ಸಾ ಇಲ್ಲ.

ಟಾಮಿ ಡಗ್ಲಸ್ ಹುಟ್ಟಿದ್ದು 1904ರಲ್ಲಿ ಸ್ಕಾಟ್ಲೆಂಡಿನ ಫಾಲ್ಕರ್ಕ್ ಪಕ್ಕದಲ್ಲಿ. ವೇಬರ್ನಿನಲ್ಲಿ ಚರ್ಚಿನ ಪಾದ್ರಿಯಾಗಿದ್ದವರು 1944ರಿಂದ 1961ರವರೆಗೆ ಪ್ರಾಂತ್ಯದ ಆಡಳಿತ ನಡೆಸಿದರು. ಇವರ ಸಾಲಿನಲ್ಲಿ ಎಲ್ಲರೂ ಮಾಡುವ ಒಂದು ತಪ್ಪಿದೆ: '1962ರಲ್ಲಿ ಮುಖ್ಯಮಂತ್ರಿಯಾಗಿ ಎಲ್ಲರಿಗೂ ವೈದ್ಯಕೀಯ ವಿಮೆ ಜಾರಿಗೆ ತಂದರು' ಎಂದು ಬರೆಯುವುದು. ಯೋಜನೆ ಅವರದು, ಅದಕ್ಕಾಗಿ ಹೋರಾಡಿದವರೂ ಅವರೇ. ಆದರೆ 1962ರ ಜುಲೈ 1ರಂದು ಅದು ಜಾರಿಗೆ ಬಂದಾಗ ಆ ಕುರ್ಚಿಯಲ್ಲಿದ್ದವರು ವುಡ್ರೋ ಲಾಯ್ಡ್. ಅಂದೇ ಶುರುವಾದ ವೈದ್ಯರ ಮುಷ್ಕರವನ್ನು ಎದುರಿಸಿದವರೂ ಲಾಯ್ಡ್. ಡಗ್ಲಸ್ ಅವರ ಹೆಸರು ಹಾಕಿ ಲಾಯ್ಡ್ ಅವರನ್ನು ಬಿಟ್ಟ ಪಟ್ಟಿ ನಮ್ಮ ದೃಷ್ಟಿಯಲ್ಲಿ ಅಪೂರ್ಣ. ಇನ್ನೊಂದು ಮಾತು: ನಟ ಕೀಫರ್ ಸದರ್‌ಲ್ಯಾಂಡ್ ಡಗ್ಲಸ್ ಅವರ ಮೊಮ್ಮಗ, ಹುಟ್ಟಿದ್ದು ಲಂಡನ್ನಿನಲ್ಲಿ. ಬರೀ ರಕ್ತಸಂಬಂಧದ ಮೇಲೆ ಯಾರನ್ನೂ ಸೇರಿಸಬೇಡಿ. ಒಮ್ಮೆ ಆ ಬಾಗಿಲು ತೆರೆದರೆ ಮುಚ್ಚಲಾಗುವುದಿಲ್ಲ.

ವಿಜ್ಞಾನಿಗಳಲ್ಲಿ ಇಬ್ಬರು ನೊಬೆಲ್ ಪುರಸ್ಕೃತರು ಬರುತ್ತಾರೆ. ಇಬ್ಬರದೂ ರಸಾಯನಶಾಸ್ತ್ರ, ಸಂಬಂಧ ಮಾತ್ರ ತಿರುವುಮುರುವು. ಹೆನ್ರಿ ಟಾಬ್ 1915ರಲ್ಲಿ ನ್ಯೂಡಾರ್ಫ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು, ಸಸ್ಕ್ಯಾಚೆವಾನ್ ವಿಶ್ವವಿದ್ಯಾಲಯದಲ್ಲಿ ಓದಿದರು, ಆಮೇಲೆ ಅಮೆರಿಕಕ್ಕೆ ಹೋಗಿ ಅಲ್ಲಿನ ಪ್ರಜೆಯಾದರು. 1983ರ ಬಹುಮಾನ ಅಲ್ಲಿನ ಕೆಲಸಕ್ಕೆ. ಗೆರ್‌ಹಾರ್ಡ್ ಹರ್ಟ್ಸ್‌ಬರ್ಗ್ 1904ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಹುಟ್ಟಿದವರು. ಹೆಂಡತಿ ಯಹೂದಿ ಮೂಲದವರಾದ್ದರಿಂದ ನಾಜಿ ಜರ್ಮನಿ ಬಿಟ್ಟು ಬಂದು 1935ರಿಂದ 1945ರವರೆಗೆ ಸಸ್ಕಟೂನಿನಲ್ಲಿ ಪಾಠ ಹೇಳಿದರು. 1971ರಲ್ಲಿ ಬಹುಮಾನ ಬಂದಾಗ ಅವರು ಒಟ್ಟಾವದಲ್ಲಿದ್ದರು. ಟಾಬ್‌ಗೆ ಹು, ಬೆ. ಹರ್ಟ್ಸ್‌ಬರ್ಗ್‌ಗೆ ದು 1935–1945. ಇಬ್ಬರನ್ನೂ 'ಸಸ್ಕ್ಯಾಚೆವಾನಿನ ನೊಬೆಲ್ ವಿಜೇತರು' ಎಂದು ಒಂದೇ ವಾಕ್ಯದಲ್ಲಿ ಕಟ್ಟಿದರೆ ಓದುಗರಿಗೆ ಬಹುಮಾನದ ಕೆಲಸ ಅಲ್ಲೇ ನಡೆಯಿತೆಂಬ ಭಾವನೆ ಬರುತ್ತದೆ. ಬಳ್ಳಾರಿಯ ವಸ್ತುಸಂಗ್ರಹಾಲಯಕ್ಕೆ ಇಂಗ್ಲೆಂಡಿನಲ್ಲಿ ಹುಟ್ಟಿದ ರಾಬರ್ಟ್ ಬ್ರೂಸ್ ಫೂಟ್ ಅವರ ಹೆಸರಿದೆಯಲ್ಲ, ಸಂಗನಕಲ್ಲಿನ ಕಲ್ಲಾಯುಧಗಳ ಕಾರಣಕ್ಕೆ? ಹರ್ಟ್ಸ್‌ಬರ್ಗ್ ಅವರ ನಂಟು ಅಂಥದ್ದು. ಹುಟ್ಟಿನದಲ್ಲ, ದುಡಿಮೆಯದು.

ಲೂಯಿ ರಿಯೆಲ್ ಸಾಲು ತುಂಬುವಾಗ ಮುಂಡರಗಿ ಭೀಮರಾಯನನ್ನು ನೆನೆಯಿರಿ. ಹೆಸರಿನಲ್ಲಿ ಮುಂಡರಗಿ, ಹೋರಾಡುತ್ತ ಬಿದ್ದದ್ದು 1858ರಲ್ಲಿ ಕೊಪ್ಪಳದ ಕೋಟೆಯಲ್ಲಿ. ರಿಯೆಲ್ 1844ರಲ್ಲಿ ಇಂದಿನ ಮ್ಯಾನಿಟೋಬ ಪ್ರಾಂತ್ಯದ ಕೆಂಪುನದಿ ವಸಾಹತಿನಲ್ಲಿ ಹುಟ್ಟಿದ. ಬಟೋಶ್ ಕೇಂದ್ರವಾಗಿ ನಡೆದ 1885ರ ಬಂಡಾಯದ ನಾಯಕ. ಆ ವರ್ಷ ನವೆಂಬರ್ 16ರಂದು ರಿಜೈನಾದಲ್ಲಿ ಗಲ್ಲಿಗೇರಿಸಿದರು. ಗುರುತು: ದು 1884–1885, ಸಾ 1885. ಅಂದಿನ ಆಡಳಿತದ ಅಂಕಣದಲ್ಲಿ ವಾಯವ್ಯ ಪ್ರದೇಶ ಎಂದೇ ಇರಬೇಕು, ಏಕೆಂದರೆ ಪ್ರಾಂತ್ಯ ಹುಟ್ಟಲು ಇನ್ನೂ 20 ವರ್ಷವಿತ್ತು.

ಉಳಿದವರ ವಿಷಯದಲ್ಲಿ ಇಷ್ಟು ಯೋಚಿಸಬೇಕಾಗಿಲ್ಲ. ಹಾಡುಗಾರ್ತಿ ಜೋನಿ ಮಿಚೆಲ್ ಹುಟ್ಟಿದ್ದು ಆಲ್ಬರ್ಟಾದ ಫೋರ್ಟ್ ಮೆಕ್ಲೌಡಿನಲ್ಲಿ, ಬೆಳೆದದ್ದು ಸಸ್ಕಟೂನಿನಲ್ಲಿ: ಬೆ. ನಟ ಲೆಸ್ಲಿ ನೀಲ್ಸನ್ ರಿಜೈನಾದಲ್ಲಿ ಹುಟ್ಟಿ ಚಿಕ್ಕಂದಿನಲ್ಲೇ ಉತ್ತರಕ್ಕೆ ಹೋದವರು: ಹು ಮಾತ್ರ. ಚಿತ್ರಕಲಾವಿದೆ ಆಗ್ನೆಸ್ ಮಾರ್ಟಿನ್ 1912ರಲ್ಲಿ ಮ್ಯಾಕ್ಲಿನ್ನಿನಲ್ಲಿ ಹುಟ್ಟಿದರು: ಹು. ಐಸ್ ಹಾಕಿ ಆಟಗಾರ ಗಾರ್ಡಿ ಹೋವ್ 1928ರಲ್ಲಿ ಸಸ್ಕಟೂನ್ ಪಕ್ಕದ ಫ್ಲೋರಲ್ ಹಳ್ಳಿಯಲ್ಲಿ ಹುಟ್ಟಿ ಸಸ್ಕಟೂನಿನಲ್ಲಿ ಬೆಳೆದರು: ಹು, ಬೆ.

ಪದಗಳಲ್ಲಿ ಎಡವುವ ಜಾಗ

ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಅಲ್ಲಿನ ಮೂಲನಿವಾಸಿಗಳನ್ನು 'ಇಂಡಿಯನ್' ಎನ್ನುತ್ತಾರೆ. ಅದನ್ನು 'ಭಾರತೀಯ' ಎಂದು ಅನುವಾದಿಸಿದ ಪಟ್ಟಿಗಳಿವೆ. ಯಂತ್ರಾನುವಾದ ಇದನ್ನು ತಪ್ಪದೆ ಮಾಡುತ್ತದೆ. ಜನಾಂಗದ ಹೆಸರನ್ನೇ ಬಳಸಿ: ಕ್ರೀ, ಡೆನೆ, ಸೋಟೊ. ರಿಯೆಲ್ ಸೇರಿದ ಜನಾಂಗದ ಹೆಸರಿನ ಉಚ್ಚಾರ 'ಮೇಟಿ'. ನಮಗೆ ಮೇಟಿ ಎಂದರೆ ಕಣದ ನಡುವಿನ ಕಂಬ, 'ಮೇಟಿ ವಿದ್ಯೆ' ಎಂದರೆ ಬೇಸಾಯ. ಜೊತೆಗೆ ಅದು ನಮ್ಮ ಕಡೆಯ ಮನೆತನದ ಹೆಸರೂ ಹೌದು. ಆದ್ದರಿಂದ ಬರೀ 'ಮೇಟಿ ನಾಯಕ' ಎಂದು ಬರೆಯದೆ 'ಮೇಟಿ ಜನಾಂಗದ ನಾಯಕ' ಎಂದು ಬರೆಯಿರಿ.

ಪ್ರಾಂತ್ಯದ ಆಡಳಿತ ಮುಖ್ಯಸ್ಥರನ್ನು ಅಲ್ಲಿ 'ಪ್ರೀಮಿಯರ್' ಎನ್ನುತ್ತಾರೆ. ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ. ಕೆಲವು ನಿಘಂಟು 'ಪ್ರಧಾನಿ' ಎನ್ನುತ್ತವೆ, ಅದನ್ನು ನಂಬಿದರೆ ಡಗ್ಲಸ್ ಮತ್ತು ಡೀಫನ್‌ಬೇಕರ್ ಒಂದೇ ಹುದ್ದೆಯವರಾಗುತ್ತಾರೆ. 'ಲೆಫ್ಟಿನೆಂಟ್ ಗವರ್ನರ್' ಪ್ರಾಂತ್ಯದ ರಾಜ್ಯಪಾಲ. 'ಗವರ್ನರ್ ಜನರಲ್' ಇಡೀ ದೇಶಕ್ಕೆ ರಾಜಪ್ರತಿನಿಧಿ. 1988ರಿಂದ 1994ರವರೆಗೆ ರಾಜ್ಯಪಾಲರಾಗಿದ್ದ, ಕ್ಯಾನರಾ ಎಂಬ ಊರಿನಲ್ಲಿ ಹುಟ್ಟಿದ ಸಿಲ್ವಿಯಾ ಫೆಡರುಕ್ ಮೊದಲನೆಯ ಗುಂಪು. ಅವರ ಸಾಲಿನಲ್ಲಿ ಹುದ್ದೆಗಿಂತ ಮುಂಚೆ ಸಸ್ಕಟೂನಿನಲ್ಲಿ ಕ್ಯಾನ್ಸರ್ ಚಿಕಿತ್ಸೆಗಾಗಿ ಕೋಬಾಲ್ಟ್-60 ಯಂತ್ರದ ಮೇಲೆ ಮಾಡಿದ ಕೆಲಸ ಬರಬೇಕು. ಪ್ರುಡೋಮಿನಲ್ಲಿ 1922ರಲ್ಲಿ ಹುಟ್ಟಿ, 1984ರಲ್ಲಿ ಕೆನಡಾದ ಮೊದಲ ಮಹಿಳಾ ಗವರ್ನರ್ ಜನರಲ್ ಆದ ಜಾನ್ ಸೋವೆ ಎರಡನೆಯ ಗುಂಪು. ಜಾನ್ ಎಂಬುದು ಇಲ್ಲಿ ಫ್ರೆಂಚ್ ಹೆಣ್ಣುಹೆಸರು. ಕನ್ನಡದಲ್ಲಿ ಓದುವವರು ಗಂಡಸೆಂದುಕೊಳ್ಳುತ್ತಾರೆ, ಹಾಗಾಗಿ ಕ್ರಿಯಾಪದದಲ್ಲಾದರೂ 'ಈಕೆ' ಎಂದಾದರೂ ಸ್ಪಷ್ಟಪಡಿಸಿ.

ಅಲ್ಲಿ 'ಹಾಕಿ' ಎಂದರೆ ಐಸ್ ಹಾಕಿ. ಗಾರ್ಡಿ ಹೋವ್ ಮುಂದೆ ಬರೀ ಹಾಕಿ ಆಟಗಾರ ಎಂದರೆ ನಮ್ಮ ಓದುಗರಿಗೆ ಧ್ಯಾನಚಂದರ ಆಟ ಕಣ್ಣಿಗೆ ಬರುತ್ತದೆ. ಬಿಗರ್ ಊರಿನ ಸಾಂಡ್ರಾ ಶ್ಮರ್ಲರ್ 1998ರ ನಾಗಾನೊ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದದ್ದು ಕರ್ಲಿಂಗಿನಲ್ಲಿ. ಮೊದಲ ಸಲ ಆ ಪದ ಬಂದಾಗ 'ಮಂಜುಗಡ್ಡೆಯ ಮೇಲೆ ನುಣುಪು ಕಲ್ಲನ್ನು ಗುರಿಯತ್ತ ಜಾರಿಬಿಡುವ ಆಟ' ಎಂದು ಒಂದು ಸಾಲು ಸೇರಿಸಿ.

ರೈತರ ಹೆಸರು ಬಿಡಬೇಡಿ. ಇಂಥ ಪಟ್ಟಿಗಳಲ್ಲಿ ಆಟಗಾರರು, ನಟರು ತುಂಬಿಕೊಂಡು ಹೊಲದವರು ಕಾಣೆಯಾಗುತ್ತಾರೆ. ರಾಸ್ತರ್ನಿನ ಸೀಗರ್ ವೀಲರ್ 1911ರಲ್ಲಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ ಗೋಧಿಗೆ 1000 ಡಾಲರಿನ ಚಿನ್ನದ ಬಹುಮಾನ ಗೆದ್ದ ಬೆಳೆಗಾರ. ಆ ಗೋಧಿಯ ತಳಿ ಮಾರ್ಕ್ವಿಸ್. ತಳಿಯನ್ನು ರೂಪಿಸಿದವರು ಒಟ್ಟಾವದ ಚಾರ್ಲ್ಸ್ ಸಾಂಡರ್ಸ್, ಬೆಳೆದು ಗೆದ್ದವರು ವೀಲರ್. ಗಂಗಾವತಿಯಲ್ಲಿ ಸೋನಾ ಮಸೂರಿ ಬೆಳೆಯುವವರು ಬೇರೆ, ಆ ತಳಿ ಮಾಡಿದವರು ಬೇರೆ. ಆ ವ್ಯತ್ಯಾಸ ಇಲ್ಲೂ ಕಾಣಬೇಕು.

ಹೆಸರಿನ ಕಾಗುಣಿತ

ಊರಿನ ಹೆಸರು ಬರೆಯುವ ಮುಂಚೆ ಅಲ್ಲಿನವರ ಬಾಯಲ್ಲಿ ಕೇಳಿಸಿಕೊಳ್ಳಿ. ಕೆನಡಾದ ರೇಡಿಯೋ ಸುದ್ದಿ ಹತ್ತು ನಿಮಿಷ ಕೇಳಿದರೂ ಸಾಕು. ರಾಜಧಾನಿ 'ರೆಜಿನಾ' ಅಲ್ಲ, ರಿಜೈನಾ. ಪ್ರಾಂತ್ಯದ ಹೆಸರಿಗೆ ಕನ್ನಡದಲ್ಲಿ ಮೂರು ನಾಲ್ಕು ಕಾಗುಣಿತ ಓಡಾಡುತ್ತಿವೆ. ಒಂದನ್ನು ಹಿಡಿಯಿರಿ, ಕೊನೆಯವರೆಗೂ ಬಿಡಬೇಡಿ.

ಕ್ರೀ ಹೆಸರುಗಳ ವಿಷಯದಲ್ಲಿ ಕನ್ನಡಕ್ಕೆ ಒಂದು ಅನುಕೂಲವಿದೆ. ಕ್ರೀ ಭಾಷೆಯಲ್ಲಿ ಹ್ರಸ್ವ, ದೀರ್ಘ ಸ್ವರಗಳ ವ್ಯತ್ಯಾಸ ಮುಖ್ಯ. ರೋಮನ್ ಲಿಪಿಯಲ್ಲಿ ದೀರ್ಘಕ್ಕೆ ಅಕ್ಷರದ ತಲೆಯ ಮೇಲೆ ಗೆರೆಯನ್ನೋ ಟೊಪ್ಪಿಗೆಯನ್ನೋ ಹಾಕುತ್ತಾರೆ. ನಮಗೆ ದೀರ್ಘ ಇದ್ದೇ ಇದೆ. ಇಂಗ್ಲಿಷಿನಲ್ಲಿ ಪೌಂಡ್‌ಮೇಕರ್ ಎಂದು ಕರೆಯುವ ನಾಯಕನ ಹೆಸರು ಪೀಹ್ತೊಕಹನಪಿವಿಯಿನ್. ಬಿಗ್ ಬೇರ್ ಎನ್ನುವವನು ಮಿಸ್ತಹಿಮಸ್ಕ್ವ, 'ದೊಡ್ಡ ಕರಡಿ' ಎಂದೇ ಅರ್ಥ. ಕ್ರೀ ಹೆಸರನ್ನು ಮೊದಲು ಬರೆದು ಇಂಗ್ಲಿಷ್ ಹೆಸರನ್ನು ಪಕ್ಕದಲ್ಲಿಡಿ. 'ದೊಡ್ಡ ಕರಡಿ' ಎಂದು ಅನುವಾದಿಸಿ ಹೆಸರಿನ ಜಾಗದಲ್ಲಿ ಹಾಕುವುದು ಬೇಡ. ನಮ್ಮ ಹುಲುಗಪ್ಪನನ್ನು ಬೇರೆ ದೇಶದವರು 'ಹುಲಿ ಅಪ್ಪ' ಎಂದು ಅನುವಾದಿಸಿದರೆ ಹೇಗಿರುತ್ತದೆ, ಯೋಚಿಸಿ.

ಕಂಪ್ಯೂಟರಿನಲ್ಲಿ ಕೆಡುವುದು

ಮೊದಲ ಪೆಟ್ಟು ದಿನಾಂಕಕ್ಕೆ. ಎಕ್ಸೆಲ್ 1900ಕ್ಕಿಂತ ಹಿಂದಿನ ದಿನಾಂಕವನ್ನು ದಿನಾಂಕವೆಂದು ಗುರುತಿಸುವುದಿಲ್ಲ, ಬರೀ ಪಠ್ಯವಾಗಿ ಇಟ್ಟುಕೊಳ್ಳುತ್ತದೆ. ಏರಿಕೆ ಕ್ರಮದಲ್ಲಿ ವಿಂಗಡಿಸಿದರೆ ಪಠ್ಯ ಕೊನೆಗೆ ಹೋಗುತ್ತದೆ. 1844ರ ರಿಯೆಲ್ 1978ರಲ್ಲಿ ಹುಟ್ಟಿದ ಐಸ್ ಹಾಕಿ ಆಟಗಾರ್ತಿ ಹೇಲಿ ವಿಕನ್‌ಹೈಸರ್ ಕೆಳಗೆ ಬಂದು ಕೂರುತ್ತಾನೆ. ತುಂಬುವ ಮುಂಚೆಯೇ ಇಡೀ ಅಂಕಣವನ್ನು ಪಠ್ಯ ಎಂದು ನಿಗದಿಪಡಿಸಿ 1844-10-22 ಎಂಬ ರೂಪದಲ್ಲಿ ಬರೆಯಿರಿ: ವರ್ಷ, ತಿಂಗಳು, ದಿನ. ಇದರಿಂದ ಇನ್ನೊಂದು ತೊಂದರೆಯೂ ತಪ್ಪುತ್ತದೆ. ಕೆನಡಾದ ಕಾಗದಗಳಲ್ಲಿ ತಿಂಗಳು ಮೊದಲು ಬರೆಯುವವರೂ ಇದ್ದಾರೆ, ದಿನ ಮೊದಲು ಬರೆಯುವವರೂ ಇದ್ದಾರೆ. 03/04 ಎಂದು ಕಂಡರೆ ಎರಡನೆಯ ಆಧಾರ ನೋಡದೆ ತುಂಬಬೇಡಿ.

ಎರಡನೆಯದು ಅಕ್ಷರದ್ದು. ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದ ಕಡತ ಅಕಾರಾದಿಯಾಗಿ ವಿಂಗಡವಾಗುವುದಿಲ್ಲ, ಹುಡುಕಿದರೆ ಸಿಗುವುದೂ ಇಲ್ಲ. ಮೊದಲಿನಿಂದ ಯೂನಿಕೋಡಿನಲ್ಲೇ ಮಾಡಿ. ಫ್ಲೆಕ್ಸ್ ಮುದ್ರಣಕ್ಕೆ ಅಂಗಡಿಯವರು ಹಳೆಯ ಫಾಂಟಿಗೆ ಪರಿವರ್ತಿಸಿದರೆ 'ಸ್ಕ್ಯಾ', 'ರ್ಟ್ಸ್' ಇಂಥ ಒತ್ತಕ್ಷರಗಳನ್ನು ಒಂದೊಂದಾಗಿ ಕಣ್ಣಿಟ್ಟು ನೋಡಿ, ಒಡೆಯುವುದು ಅಲ್ಲೇ. ಡೀಫನ್‌ಬೇಕರ್ ಎಂಬಲ್ಲಿ 'ನ್' ಮತ್ತು 'ಬೇ' ಅಂಟದಿರಲು ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಕೂತಿರುತ್ತದೆ. ಒಬ್ಬರು ಅದನ್ನು ಹಾಕಿ, ಇನ್ನೊಬ್ಬರು ಬಿಟ್ಟರೆ ಕಂಪ್ಯೂಟರಿಗೆ ಅವು ಎರಡು ಬೇರೆ ಹೆಸರು. ಹೆಸರುಗಳ ಒಂದು ಮೂಲ ಹಾಳೆ ಮಾಡಿ, ಎಲ್ಲರೂ ಅಲ್ಲಿಂದಲೇ ನಕಲಿಸಿ ಹಾಕುವುದು ಒಳ್ಳೆಯದು.

ಆಧಾರ, ಮತ್ತು ಸ್ವಂತ ಹೇಳಿಕೆ

ಹಳಬರಿಗೆ ಕೆನಡಾದ ಜೀವನಚರಿತ್ರೆ ಕೋಶ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಅದರ ಸಂಪುಟಗಳಿರುವುದು ಹುಟ್ಟಿದ ವರ್ಷದ ಮೇಲಲ್ಲ, ಸತ್ತ ವರ್ಷದ ಮೇಲೆ. ರಿಯೆಲ್, ಪೀಹ್ತೊಕಹನಪಿವಿಯಿನ್, ಮಿಸ್ತಹಿಮಸ್ಕ್ವ ಮೂವರೂ 1881–1890ರ 11ನೆಯ ಸಂಪುಟದಲ್ಲಿದ್ದಾರೆ. ರಿಯೆಲ್‌ನ ಸೇನಾನಿ ಗೇಬ್ರಿಯೆಲ್ ಡ್ಯುಮಾಂಟ್ 1906ರವರೆಗೆ ಬದುಕಿದ್ದರಿಂದ 13ನೆಯದರಲ್ಲಿ. ಒಬ್ಬೊಬ್ಬರ ಹುಟ್ಟೂರಿಗೆ ಕನಿಷ್ಠ ಎರಡು ಸ್ವತಂತ್ರ ಆಧಾರ ಬೇಕು. ಒಂದರಿಂದ ಇನ್ನೊಂದು ನಕಲಾಗಿದ್ದರೆ ಅದು ಒಂದೇ ಎಂದು ಎಣಿಸಿ.

ವ್ಯಕ್ತಿ ತನ್ನ ಬಗ್ಗೆ ತಾನೇ ಹೇಳಿದ್ದು ದಾಖಲೆಯಲ್ಲ. ಪ್ರಿನ್ಸ್ ಆಲ್ಬರ್ಟ್ ರಾಷ್ಟ್ರೀಯ ಉದ್ಯಾನದಲ್ಲಿದ್ದು ಬೀವರ್ ಪ್ರಾಣಿಗಳ ರಕ್ಷಣೆಗೆ ದನಿಯೆತ್ತಿದ ಗ್ರೇ ಔಲ್ ಮೂಲನಿವಾಸಿ ಎಂದೇ ಹೇಳಿಕೊಂಡಿದ್ದರು. 1938ರಲ್ಲಿ ತೀರಿಕೊಂಡ ಬೆನ್ನಿಗೇ ಅವರು ಇಂಗ್ಲೆಂಡಿನ ಹೇಸ್ಟಿಂಗ್ಸಿನಲ್ಲಿ ಹುಟ್ಟಿದ ಆರ್ಚಿಬಾಲ್ಡ್ ಬೆಲೇನಿ ಎಂದು ಬಯಲಾಯಿತು. ಅವರನ್ನು ಪಟ್ಟಿಯಿಂದ ತೆಗೆಯಬೇಕಾಗಿಲ್ಲ. ದು, ಸಾ ಎರಡೂ ನಿಜ. ಹುಟ್ಟಿದ ಊರಿನ ಅಂಕಣದಲ್ಲಿ ಹೇಸ್ಟಿಂಗ್ಸ್ ಇರಬೇಕು, ಅಷ್ಟೇ. ಹಾಡುಗಾರ್ತಿ ಬಫಿ ಸೇಂಟ್-ಮರಿ ಅವರನ್ನು ಬಹುಕಾಲ ಸಸ್ಕ್ಯಾಚೆವಾನಿನ ಪಿಯಾಪಾಟ್ ಎಂಬ ಕ್ರೀ ಜನರ ನೆಲೆಯಲ್ಲಿ ಹುಟ್ಟಿದವರೆಂದು ಬರೆಯಲಾಗುತ್ತಿತ್ತು. 2023ರಲ್ಲಿ ಕೆನಡಾದ ಪ್ರಸಾರ ಸಂಸ್ಥೆ ಸಿಬಿಸಿ ಪ್ರಕಟಿಸಿದ ಜನನ ಪ್ರಮಾಣಪತ್ರದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿನ ಸ್ಟೋನ್‌ಹ್ಯಾಮ್ ಎಂದಿದೆ. 2025ರಲ್ಲಿ ಅವರ ಆರ್ಡರ್ ಆಫ್ ಕೆನಡಾ ಗೌರವ ರದ್ದಾಯಿತು. ದೊಡ್ಡವರಾದ ಮೇಲೆ ಪಿಯಾಪಾಟ್ ಕುಟುಂಬವೊಂದು ಅವರನ್ನು ತಮ್ಮವರಾಗಿ ಸ್ವೀಕರಿಸಿದ್ದು ಬೇರೆ ಸಂಗತಿ. ಇಂಥ ಸಾಲಿನಲ್ಲಿ ತೀರ್ಪು ಬರೆಯಬೇಡಿ. ಯಾವ ದಾಖಲೆ ಏನು ಹೇಳುತ್ತದೆ, ಯಾವ ವರ್ಷ ಹೊರಬಂತು, ಇಷ್ಟನ್ನು ಬರೆಯಿರಿ. ಹಳೆಯ ಪುಸ್ತಕದಿಂದ ನಕಲಿಸಿದವರ ಪಟ್ಟಿ ಇಲ್ಲೇ ಸಿಕ್ಕಿಬೀಳುತ್ತದೆ.

ಎಷ್ಟು ಹೆಸರು

60 ಹೆಸರು ಸಂಗ್ರಹಿಸಿ 25ಕ್ಕೆ ಇಳಿಸಿ. ಒಂದು ಹೆಸರಿನ ಪರಿಶೀಲನೆಗೆ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಇಳಿಸುವಾಗ ಮೊದಲು ಹೋಗಬೇಕಾದವು ಹು ಬಿಟ್ಟು ಬೇರೆ ಗುರುತಿಲ್ಲದ, ಕೈಕೂಸಾಗಿದ್ದಾಗಲೇ ಊರು ಬಿಟ್ಟವರ ಹೆಸರುಗಳು. ಆಮೇಲೆ ಒಂದೇ ಕ್ಷೇತ್ರದವರು ಎಂಟಕ್ಕಿಂತ ಹೆಚ್ಚಿದ್ದರೆ ಅಲ್ಲಿ ಕತ್ತರಿಸಿ. ಹಾಕಿ ಆಟಗಾರರೇ ಇಡೀ ಹಾಳೆ ತುಂಬುವಷ್ಟಿದ್ದಾರೆ. ಕ್ರೀ ಮತ್ತು ಮೇಟಿ ಜನಾಂಗದವರನ್ನು ಕತ್ತರಿಸುವ ಸಾಲಿನಲ್ಲಿ ತರಬೇಡಿ. ಆ ನೆಲದ ಹೆಸರೇ ಕ್ರೀ ಭಾಷೆಯದು: ಕಿಸಿಸ್ಕಾಚಿವನ್, ರಭಸವಾಗಿ ಹರಿಯುವ ನದಿ.

ಕೊನೆಗೆ ಸಿದ್ಧವಾದ ಒಂದು ಸಾಲು ಹೀಗಿರಬೇಕು:

ಡೀಫನ್‌ಬೇಕರ್, ಜಾನ್ / 1895-09-18 / ನ್ಯೂಸ್ಟಾಟ್. ಅಂದು ಒಂಟಾರಿಯೊ, ಇಂದು ಒಂಟಾರಿಯೊ / ಬೆ 1903ರಿಂದ. ದು ವಕಾ, ಪ್ರಿನ್ಸ್ ಆಲ್ಬರ್ಟ್, ವಕೀಲಿ, 1919ರಿಂದ. ಮ ಸಸ್ಕಟೂನ್ / ಕೆನಡಾದ ಪ್ರಧಾನಿ 1957–1963 / ಸಾವು 1979-08-16, ಒಟ್ಟಾವ / ಆಧಾರ 1, ಆಧಾರ 2 / ಪರಿಶೀಲಿಸಿದ ದಿನಾಂಕ.

ಟೈಪ್ ಮಾಡಿದವರೇ ತಿದ್ದಬಾರದು. ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕನ್ನಡದ ಸಾಲಿನ ಮೇಲೆ ಬೆರಳಿಟ್ಟು ಹೋಗಬೇಕು. ಇಸವಿಗಳನ್ನು ಅಂಕಿ ಅಂಕಿಯಾಗಿ ಬಿಡಿಸಿ ಓದಿ: ಒಂದು, ಎಂಟು, ಒಂಬತ್ತು, ಐದು. 1895 ಮತ್ತು 1985 ಅದಲುಬದಲಾಗಿದ್ದರೆ ಗೊತ್ತಾಗುವುದು ಹಾಗೆ ಓದಿದಾಗಲೇ.